ಅಕ್ಕ ಕೇಳದ ಪ್ರಶ್ನೆ

ಮಾರ್ಚ್ ೯

ಪ್ರೀತಿಯ ಪುಟ್ಟು,

ನಿನ್ನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದಾಗಿನಿಂದ ವಾರ್ಡಿಗೆ ದಿನಾ ಫೋನು ಮಾಡುತ್ತಿದ್ದೇನೆ. ನರ್ಸಮ್ಮ "ಚೆನ್ನಾಗಿದ್ದಾರೆ, ಮಲಗಿದ್ದಾರೆ" ಎಂದು ಹೇಳಿ ಇಟ್ಟುಬಿಡುತ್ತಾರೆ. ಚೆನ್ನಾಗಿರುವವನು ಹಗಲೆಲ್ಲ ಯಾಕೆ ಮಲಗಿರುತ್ತಾನೆ ಎಂದು ಅಮ್ಮ ನನ್ನ ಮೇಲೆ ರೇಗುತ್ತಾಳೆ. ಅದಕ್ಕೇ ಕಾಗದ ಹಿಡಿದೆ. ಇದನ್ನು ಯಾರೂ ನಡುವೆ ಕತ್ತರಿಸುವಂತಿಲ್ಲ.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಉಳಿದೆ. ಕಾಲು ಮುರಿದಿದೆ, ಪಕ್ಕೆಲುಬು ಬಿರುಕು ಬಿಟ್ಟಿದೆ, ತಲೆಗೆ ಪೆಟ್ಟು ಬಿದ್ದಿದೆ, ಎಲ್ಲವೂ ನಿಜ. ಆದರೆ ನೀನು ಉಳಿದೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ಮೊದಲು ಅದು ನೆನಪಾಗುತ್ತದೆ, ಮಿಕ್ಕದ್ದೆಲ್ಲ ಆಮೇಲೆ. ವಿಮಾನ ಬಿದ್ದಾಗ ಒಳಗೆ ನಿನ್ನ ಜೊತೆ ಅಂಚೆ ಚೀಲ, ಔಷಧದ ಪೆಟ್ಟಿಗೆ ಬಿಟ್ಟು ಯಾರೂ ಇರಲಿಲ್ಲ. ಕೆಳಗಿನ ಸಾಲುಮನೆಗಳಲ್ಲಿ ಒಬ್ಬರಿಗೂ ಒಂದು ಗೀರೂ ಆಗಲಿಲ್ಲ. ಯಾರಿಗೆ ಉಪಕಾರ ಹೇಳಬೇಕೋ ತಿಳಿಯದೆ ಕಂಡಕಂಡವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಿದ್ದೇನೆ. ನಿನ್ನೆ ಬಸ್ಸಿನ ಕಂಡಕ್ಟರಿಗೆ ಅದೆಷ್ಟು ಮನಸಾರೆ ಹೇಳಿದೆನೆಂದರೆ, ಅವನು ಇಳಿಯುವ ಬಾಗಿಲನ್ನು ನನಗಾಗಿ ಹಿಡಿದುಕೊಂಡು ನಿಂತ.

ಅಮ್ಮನ ಸಂದೇಶ: "ಎರಡರಲ್ಲಿ ಒಂದೇ ತಾನೆ ಮುರಿದಿರೋದು, ಇನ್ನೊಂದು ಕಾಲಿಗಾದ್ರೂ ಕಾಲುಚೀಲ ಹಾಕ್ಕೋ ಅಂತ ಬರಿ."

ಆ ದಿನದ ವಿಷಯ ನಾನು ಕೇಳುವುದಿಲ್ಲ. ತಲೆಗೆ ಶ್ರಮ ಕೊಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕ್ವಿಜ್ ಪ್ರಶ್ನೆಗೆ ಅಡ್ಡಿಯಿಲ್ಲವಾ ಎಂದೆ, ನಕ್ಕು ತಲೆಯಾಡಿಸಿದರು. ಪ್ರತಿ ವರ್ಷ ನಮ್ಮ ಹ್ಯಾಂಗರಿನ ವಾರ್ಷಿಕೋತ್ಸವದ ಕ್ವಿಜ್ಜಿನಲ್ಲಿ ನಾವಿಬ್ಬರೂ ಜೋಡಿ ತಾನೆ, ಎಂಜಿನ್ ಜೋಡಿಸುವ ನನಗೆ ಎಂಜಿನ್ನಿನ ಪ್ರಶ್ನೆ, ಹಾರಿಸುವ ನಿನಗೆ ಹಾರಾಟದ್ದು? ಈ ವರ್ಷ ಮಂಚದ ಮೇಲೇ ಅಭ್ಯಾಸ ಮಾಡು.

ಒಂದು: ಬಿಸಿಗಾಳಿಯ ಬಲೂನಿನಲ್ಲಿ ಮೊತ್ತಮೊದಲು ಮೇಲೇರಿದ ಪ್ರಯಾಣಿಕರು ಯಾರು? ಎರಡು: ವಿಮಾನಕ್ಕೆ ಎಂಜಿನ್ನೇ ಇಲ್ಲದ ಕಾಲದಲ್ಲಿ ತನ್ನ ಧಣಿಯ ಗ್ಲೈಡರಿನಲ್ಲಿ ಹಾರಿ ಇಳಿದ ಸಾರೋಟಿನವನು ಇಳಿದ ಕೂಡಲೇ ಏನೆಂದನಂತೆ? ಮೂರು: ರೈಟ್ ಸಹೋದರರ ಮೊದಲ ಎಂಜಿನ್ ಮಾಡಿಕೊಟ್ಟವನು ಯಾರು?

ಮೂರನೆಯದು ನಿನಗೆ ಬರದಿದ್ದರೆ ನನ್ನ ತಮ್ಮನೆಂದು ಹೇಳಿಕೊಳ್ಳಬೇಡ.

ನಿನ್ನ
ಅಕ್ಕ

ಮಾರ್ಚ್ ೨೨

ಅಕ್ಕಾ,

ಕೈ ನಡುಗುವುದು ನಿಂತಿದೆ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಪೆಟ್ಟಿನಿಂದಲ್ಲ, ಮೊದಲಿನಿಂದಲೂ ಹಾಗೇ.

ನನ್ನ ಪಕ್ಕದ ಮಂಚದಲ್ಲಿ ಒಬ್ಬ ಗಡಿಯಾರ ರಿಪೇರಿಯವರಿದ್ದಾರೆ, ಸೊಂಟದ ಮೂಳೆ ಮುರಿದುಕೊಂಡವರು. ಇಡೀ ವಾರ್ಡು ಅವರನ್ನು ಗಡಿಯಾರದ ಮಾವ ಎನ್ನುತ್ತದೆ. ನಿನ್ನ ಪ್ರಶ್ನೆಗಳನ್ನು ಜೋರಾಗಿ ಓದಿದೆ. ಬಲೂನಿನ ಮೊದಲ ಪ್ರಯಾಣಿಕರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಎಂದಾಗ ಮಾವ ಒಪ್ಪಲೇ ಇಲ್ಲ. "ಬಾತುಕೋಳಿಗೆ ಹಾರೋಕೆ ಬರುತ್ತಲ್ರೀ, ಅದ್ಯಾಕೆ ಟಿಕೆಟ್ ತಗೊಂಡ್ತು?" ಎಂದು ವಾದಕ್ಕೆ ಕೂತರು. ಸಾರೋಟಿನವನ ಉತ್ತರ ಮಾತ್ರ ಎಲ್ಲರಿಗೂ ಹಿಡಿಸಿತು. "ಧಣಿ, ನನ್ನನ್ನ ಇಟ್ಕೊಂಡಿರೋದು ಗಾಡಿ ಓಡಿಸೋಕೆ, ಹಾರೋಕಲ್ಲ. ಕೆಲಸ ಬಿಡ್ತೀನಿ." ಈಗ ನರ್ಸಮ್ಮ ಸೂಜಿ ತಂದಾಗಲೆಲ್ಲ ಯಾರಾದರೂ "ಕೆಲಸ ಬಿಡ್ತೀನಿ" ಎನ್ನುತ್ತಾರೆ.

ಮೂರನೆಯದು ಚಾರ್ಲಿ ಟೇಲರ್. ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್. ಹಾರಿದವರ ಹೆಸರು ಮಕ್ಕಳಿಗೂ ಗೊತ್ತು, ಎಂಜಿನ್ ಮಾಡಿದವನ ಹೆಸರು ಕ್ವಿಜ್‌ನವರಿಗೆ ಮಾತ್ರ ಗೊತ್ತು ಎಂದು ನೀನು ಪ್ರತಿ ವರ್ಷ ಗೊಣಗುತ್ತೀಯಲ್ಲ, ಮರೆಯುವುದು ಹೇಗೆ?

ನನಗೆ ಬೇರೆಯದೇ ಮರೆತುಹೋಗಿದೆ. ಅಂದು ಇಳಿಯಲು ಶುರು ಮಾಡಿದ್ದು ನೆನಪಿದೆ. ಬಿಸಿಲಿತ್ತು, ಹೊಳೆ ಹೊಳೆಯುತ್ತಿತ್ತು. ಅಲ್ಲಿಂದ ಮುಂದೆ ಬಾಯಿಯೊಳಗೆ ಮಣ್ಣು, ಕಣ್ಣಮುಂದೆ ಎಲೆಕೋಸು. ನಡುವಿನದು ಯಾರೋ ಒರೆಸಿ ಹಾಕಿದಂತಿದೆ. ನೀನು ಕೇಳುವುದಿಲ್ಲ ಎಂದಿದ್ದೀಯ, ನಾನು ಕೇಳುತ್ತೇನೆ: ಎಂಜಿನ್ ಬಿಚ್ಚಿ ನೋಡಿದರಾ? ಏನಾದರೂ ಸಿಕ್ಕಿತಾ?

ನಿನಗೊಂದು ಪ್ರಶ್ನೆ. ರೈಟ್ ಸಹೋದರರ ಮೊದಲ ಹಾರಾಟದ ಫೋಟೋ ತೆಗೆದವನು ಯಾರು?

ಪುಟ್ಟು

ಏಪ್ರಿಲ್ ೩

ಪುಟ್ಟು,

ಸಮುದ್ರ ತೀರದ ರಕ್ಷಣಾ ಠಾಣೆಯಲ್ಲಿ ಕೆಲಸ ಮಾಡುತ್ತಿದ್ದವನು. ಅವನು ಅದಕ್ಕೂ ಮುಂಚೆ ಕ್ಯಾಮೆರಾ ಮುಟ್ಟಿರಲಿಲ್ಲವಂತೆ. ಗಾಬರಿಯಲ್ಲಿ ಗುಂಡಿ ಒತ್ತಿದೆನೋ ಇಲ್ಲವೋ ಎನ್ನುವುದೂ ಅವನಿಗೆ ಖಾತ್ರಿಯಿರಲಿಲ್ಲ. ಫೋಟೋ ನೋಡಿದಾಗಲೇ ಗೊತ್ತಾದದ್ದು.

ಕಳೆದ ಭಾನುವಾರ ಅಮ್ಮನೂ ನಾನೂ ನೀನು ಬಿದ್ದ ಎಲೆಕೋಸಿನ ತೋಟಕ್ಕೆ ಹೋಗಿ ಬಂದೆವು. ನಿನ್ನನ್ನು ಹೊರಗೆಳೆದ ತೋಟದವನನ್ನೂ ಅವನ ಹೆಂಡತಿಯನ್ನೂ ಕಾಣಬೇಕು ಎಂದು ಅಮ್ಮ ಹಟ ಹಿಡಿದಿದ್ದಳು. ಅಮ್ಮ ಅವನ ಕೈ ಹಿಡಿದವಳು ಬಿಡಲೇ ಇಲ್ಲ, ಅವನಿಗೆ ಮುಜುಗರವಾಗಿ ಕೈ ಕೊಸರಿಕೊಳ್ಳಲೂ ಆಗದೆ ನಿಂತ. ಕೊನೆಗೆ ಅಮ್ಮ "ನಿಮ್ಮ ಕೋಸೆಲ್ಲ ಹಾಳಾಯ್ತಲ್ಲಪ್ಪ" ಎಂದಳು. ಅವನು, "ಕೋಸು ಮೂರು ತಿಂಗಳಿಗೆ ಬೆಳೆಯುತ್ತಮ್ಮ. ನಿಮ್ಮ ಮಗನನ್ನ ಬೆಳೆಸೋಕೆ ಎಷ್ಟು ವರ್ಷ ಹಿಡೀತು ಹೇಳಿ" ಎಂದ. ಅವನ ಹೆಂಡತಿ ಒಳಗೆ ಕರೆದು ಚಹಾ ಕೊಟ್ಟಳು. ಮನೆಯ ಪಕ್ಕದಲ್ಲಿ ನಿನ್ನ ವಿಮಾನದ ಚಕ್ರವೊಂದನ್ನು ತೊಳೆದು ಇಟ್ಟಿದ್ದಾರೆ, ವಾಪಸ್ಸು ಕೇಳಿದರೆ ಕೊಡಲು.

ಈಗ ನನಗೆ ಬಿಡುವು ಸ್ವಲ್ಪ ಜಾಸ್ತಿ. ಸಂಜೆ ಬೇಗ ಮನೆಗೆ ಬರುತ್ತೇನೆ. ಅಮ್ಮನಿಗೆ ಖುಷಿ.

ಈ ಸಲದ ಪ್ರಶ್ನೆ ಎಂಜಿನ್ನಿನದು. ಮೊದಲ ಮಹಾಯುದ್ಧದ ಕೆಲವು ವಿಮಾನಗಳಲ್ಲಿ ಎಂಜಿನ್ ಒಳಗಿನ ದಂಡ ನಿಂತಲ್ಲೇ ನಿಂತು, ಸಿಲಿಂಡರುಗಳೆಲ್ಲ ಪ್ರೊಪೆಲ್ಲರಿನ ಜೊತೆ ಗಿರಗಿರ ತಿರುಗುತ್ತಿದ್ದವು. ಆ ಜಾತಿಯ ಎಂಜಿನ್ನಿಗೆ ಏನೆಂದು ಹೆಸರು? ಅದಕ್ಕೆ ಹಾಕುತ್ತಿದ್ದ ಎಣ್ಣೆ ಯಾವುದು? ಆ ಎಣ್ಣೆಯಿಂದ ಪೈಲಟ್ಟುಗಳಿಗೆ ಏನಾಗುತ್ತಿತ್ತು? ಕೊನೆಯದನ್ನು ವಾರ್ಡಿನಲ್ಲಿ ಊಟದ ಹೊತ್ತಿಗೆ ಓದಬೇಡ.

ಅಕ್ಕ

ಏಪ್ರಿಲ್ ೧೪

ಅಕ್ಕಾ,

ರೋಟರಿ. ಹರಳೆಣ್ಣೆ. ಹೊಟ್ಟೆ ಸಡಿಲ. ಊಟದ ಹೊತ್ತಿಗೇ ಓದಿದೆ.

ಈಗ ನನ್ನ ಮಾತು ಕೇಳು. ಮೊದಲ ಕಾಗದದ ಅಂಚಿನಲ್ಲಿ ನಿನ್ನ ಹೆಬ್ಬೆರಳಿನ ಎಣ್ಣೆ ಕಲೆ ಇತ್ತು. ಎರಡನೆಯದು ಶುಭ್ರವಾಗಿದೆ, ಮದುವೆ ಕರೆಯೋಲೆಯ ಹಾಗೆ. ಎಂಜಿನ್ ವಿಷಯ ಕೇಳಿದರೆ ಕೋಸಿನ ವಿಷಯ ಬರೆದೆ. ನಾನು ಪೆಟ್ಟು ತಿಂದಿದ್ದೇನೆ, ಪೆದ್ದನಾಗಿಲ್ಲ.

ಮೊನ್ನೆ ಫೋರ್‌ಮನ್ ನೋಡಲು ಬಂದಿದ್ದರು. "ಅಕ್ಕ ಹೇಗಿದ್ದಾಳೆ?" ಎಂದು ಕೇಳಿದೆ. "ಚೆನ್ನಾಗಿದ್ದಾಳಪ್ಪ. ಉಗ್ರಾಣದಲ್ಲಿ ಸದ್ದುಗದ್ದಲ ಇಲ್ಲ, ತಂಪಾಗೂ ಇದೆ" ಎಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ಬಿಡಲಿಲ್ಲ, ಎಲ್ಲ ಬಾಯಿ ಬಿಡಿಸಿದೆ.

ಎಂಜಿನ್ನಿನಲ್ಲಿ ಮುರಿದದ್ದು ಏನೂ ಸಿಗಲಿಲ್ಲವಂತೆ. ಮುರಿದದ್ದು ಸಿಗದಿದ್ದರೆ ಜೋಡಿಸಿದವರ ಕಡೆ ಬೆರಳು ತಿರುಗುತ್ತದೆ ಎಂದರು. ತನಿಖೆ ಮುಗಿಯುವ ತನಕ, ಎಂಜಿನ್ ಸರಿಯಿದೆ ಎಂದು ಕಾಗದಕ್ಕೆ ಒತ್ತುವ ನಿನ್ನ ಮುದ್ರೆಯನ್ನು ಕಿತ್ತಿಟ್ಟುಕೊಂಡಿದ್ದಾರಂತೆ. ಇನ್ನೊಬ್ಬರ ಎಂಜಿನ್ನಿಗೆ ಬೋಲ್ಟು ಎಣಿಸಿ ಕೊಡುವ ಕೆಲಸವಂತೆ. ತಿಂಗಳಾಗುತ್ತಾ ಬಂತಂತೆ. ಅಂದರೆ ನನಗೆ ಕ್ಯಾಮೆರಾ, ಕೋಸು ಎಂದು ಬರೆಯುವಾಗಲೇ ನಿನಗೆ ಗೊತ್ತಿತ್ತು.

ನನ್ನ ಹತ್ತಿರ ಯಾಕೆ ಹೇಳಲಿಲ್ಲ? ನೀನು ಜೋಡಿಸಿದ ಎಂಜಿನ್ನನ್ನೇ ನಾನು ಇಷ್ಟು ವರ್ಷ ಹಾರಿಸಿದ್ದು. ಈ ತಿಂಗಳ ಕೊನೆಗೆ ತನಿಖೆಯವರು ಇಲ್ಲಿಗೆ ಬರುತ್ತಾರೆ. ಎಂಜಿನ್ನಿನಲ್ಲಿ ಒಂದಿಷ್ಟೂ ದೋಷ ಇರಲಿಲ್ಲ, ಎಲ್ಲ ನನ್ನ ಕೈತಪ್ಪು ಎಂದು ಹೇಳಿಬಿಡುತ್ತೇನೆ. ನನ್ನಿಂದ ಅಷ್ಟಾದರೂ ಆಗಲಿ.

ಪುಟ್ಟು

ಏಪ್ರಿಲ್ ೧೯

ಪುಟ್ಟು,

ಈ ಕಾಗದ ತನಿಖೆಯವರಿಗಿಂತ ಮೊದಲು ನಿನ್ನ ಕೈ ಸೇರಲಿ ಎಂದು ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ.

ಹಾಗೆ ಹೇಳಬೇಡ. ನಿನಗೆ ನೆನಪಿಲ್ಲ. ನೆನಪಿಲ್ಲ ಎಂದೇ ಹೇಳು. ಊಟದ ಹೊತ್ತಿಗೆ ಅಪ್ಪ ಪ್ರಶ್ನೆ ಕೇಳುವಾಗ ಏನೆನ್ನುತ್ತಿದ್ದರು? "ಗೊತ್ತಿಲ್ಲ ಅಂದ್ರೆ ಮಾನ ಹೋಗಲ್ಲ, ಬುರುಡೆ ಬಿಟ್ರೆ ಹೋಗುತ್ತೆ." ನೀನು ನನಗೋಸ್ಕರ ಒಂದು ಸುಳ್ಳು ಹೇಳಿ ನಾನು ಮತ್ತೆ ಎಂಜಿನ್ ಮುಟ್ಟಿದೆ ಎಂದಿಟ್ಟುಕೋ. ತಪ್ಪು ನಿಜಕ್ಕೂ ನನ್ನದೇ ಆಗಿದ್ದರೆ? ಅದೇ ತಪ್ಪನ್ನು ಮುಂದಿನ ಎಂಜಿನ್ನಿನಲ್ಲೂ ಮಾಡುತ್ತೇನೆ. ಆಗ ಕೋಸಿನ ತೋಟ ಸಿಗುತ್ತದೆ ಎನ್ನುವ ಭರವಸೆ ಏನು?

ದಿನಾ ಆ ಎಂಜಿನ್ನನ್ನು ತಲೆಯೊಳಗೆ ಬಿಚ್ಚಿ ಜೋಡಿಸುತ್ತೇನೆ. ಒಂದೊಂದು ನಟ್ಟಿನ ಮೇಲೂ ನನ್ನ ಕೈ ಕಾಣಿಸುತ್ತದೆ. ಎಲ್ಲೂ ತಪ್ಪು ಸಿಗುವುದಿಲ್ಲ. ಸಿಗದಿರುವುದೇ ಹೆಚ್ಚು ಹೆದರಿಕೆ. ನಿನ್ನಿಂದ ಮುಚ್ಚಿಟ್ಟದ್ದು ಅದಕ್ಕೇ. ನಿನ್ನ ಕಾಲು ನೋಡಿ ಯಾರಾದರೂ "ಇದು ನಿನ್ನಕ್ಕನ ಕೆಲಸ" ಎಂದರೆ ನೀನು ಆ ಮಾತನ್ನು ಎಲ್ಲಿ ಇಟ್ಟುಕೊಳ್ಳುತ್ತೀಯ?

ಉಗ್ರಾಣದಲ್ಲಿ ನನಗೇನೂ ಕಷ್ಟವಿಲ್ಲ. ಜೊತೆಯವರು ಯಾರೂ ಮುಖ ತಿರುಗಿಸಿಲ್ಲ. ಬಣ್ಣ ಬಳಿಯುವ ವಿಭಾಗದವಳು ದಿನಾ ಮಧ್ಯಾಹ್ನ ತನ್ನ ಡಬ್ಬಿ ಹಿಡಿದು ಬಂದು ಪೆಟ್ಟಿಗೆಗಳ ಮೇಲೆ ನನ್ನ ಜೊತೆ ಕೂತು ಉಣ್ಣುತ್ತಾಳೆ. ಅಂಥವರಿದ್ದಾರೆ ಎನ್ನುವುದು ಈ ಗೋಳಿನಲ್ಲಿ ನನಗೆ ಸಿಕ್ಕ ಲಾಭ.

ಪ್ರಶ್ನೆ ಇಲ್ಲದೆ ಕಾಗದ ಮುಗಿಸಿದರೆ ನೀನು ಇನ್ನಷ್ಟು ಕಂಗಾಲಾಗುತ್ತೀಯ. ತಗೋ: ವಿಮಾನದಲ್ಲಿ ಎರಡು ದೇಶಗಳ ನಡುವಿನ ಕಡಲುಗಾಲುವೆ ದಾಟಿದ ಮೊದಲಿಗ ಬ್ಲೇರಿಯೋ. ಅವನ ಕಾಲಿಗೆ ಸುಟ್ಟ ಗಾಯವಾಗಿ, ಊರುಗೋಲು ಹಿಡಿದೇ ವಿಮಾನದ ತನಕ ಬಂದಿದ್ದ. ನಿನ್ನಂಥವನೇ. ನಡುದಾರಿಯಲ್ಲಿ ಅವನ ಎಂಜಿನ್ ಕಾದು ಕಾದು ನಿಲ್ಲುವ ಹಾಗಾಯಿತಂತೆ. ಅವನನ್ನು ಉಳಿಸಿದ್ದು ಏನು?

ಅಕ್ಕ

ಏಪ್ರಿಲ್ ೨೯

ಅಕ್ಕಾ,

ಮಳೆ. ಒಂದು ಸಣ್ಣ ಮಳೆ ಬಂದು ಎಂಜಿನ್ನನ್ನು ತಣಿಸಿತಂತೆ.

ಈ ಉತ್ತರ ಹೇಳಿದಾಗ ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮಧ್ಯಾಹ್ನ, ಔಷಧದ ಗಾಡಿ ಬಂದು ಹೋದ ಮೇಲೆ, ಗಡಿಯಾರದ ಮಾವನಿಗೆ ನಿನ್ನ ಪ್ರಶ್ನೆ ಓದಿದೆ. ಅವರು ಯೋಚಿಸಿ, "ಕಾದ್ರೆ ನಿಲ್ಲುತ್ತೆ, ಸರಿ. ತಣ್ಣಗಾದ್ರೂ ನಿಲ್ಲುತ್ತಾ?" ಎಂದರು.

"ನಿಲ್ಲುತ್ತೆ" ಎಂದೆ. "ಗಾಳೀಲಿ ತೇವ ಇದ್ರೆ ಬಿಸಿಲಲ್ಲೂ ನಿಲ್ಲುತ್ತೆ. ಪೆಟ್ರೋಲು ಆವಿಯಾಗೋ ಜಾಗದಲ್ಲಿ ಕೊರೆಯೋ ಥಂಡಿ. ಕಾರ್ಬ್ಯುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಕೊಂಡುಬಿಡುತ್ತೆ. ಎಂಜಿನ್ನಿಗೆ ಉಸಿರು ಕಟ್ಟುತ್ತೆ."

"ಆಗೇನ್ ಮಾಡ್ತೀರಿ?"

"ಒಂದು ಹಿಡಿ ಇರುತ್ತೆ. ಎಳೆದ್ರೆ ಬಿಸಿಗಾಳಿ ಬಂದು ಮಂಜು ಕರಗುತ್ತೆ" ಎಂದು ಕೈ ಚಾಚಿ ಎಳೆದು ತೋರಿಸಿದೆ.

ಅವರು ನನ್ನ ಕೈಯನ್ನೇ ನೋಡುತ್ತಿದ್ದರು. "ಎಳೀತೀವಿ ಅಂದ್ರಿ. ಮತ್ತೆ ಮುಂದಕ್ಕೆ ತಳ್ಳಿದ್ರಲ್ಲ?"

ತಳ್ಳಿದ್ದೆ, ಅಕ್ಕ. ನನಗೆ ಗೊತ್ತಿಲ್ಲದೆ ಕೈ ತಾನೇ ತಳ್ಳಿತ್ತು. ಅದನ್ನು ನೋಡುತ್ತಿದ್ದ ಹಾಗೇ ಒರೆಸಿಹೋಗಿದ್ದದ್ದೆಲ್ಲ ತಿರುಗಿ ಬಂತು. ಬೆಳಿಗ್ಗೆ ಮಳೆ ಬಂದು ಹೋಗಿತ್ತು, ಹೊಳೆಯ ಮೇಲೆ ಆವಿ ಏಳುತ್ತಿತ್ತು. ಇಷ್ಟು ಬಿಸಿಲಲ್ಲಿ ಮಂಜೆಲ್ಲಿಂದ ಎಂದು ಹಿಡಿ ಎಳೆಯದೇ ಇಳಿಯತೊಡಗಿದೆ. ಎಂಜಿನ್ನಿನ ಸದ್ದು ಸಣ್ಣಗಾಯಿತು. ಆಗ ಎಳೆದೆ. ಎಳೆದ ಕೂಡಲೇ ಕರಗಿದ ನೀರೆಲ್ಲ ಒಳಗೆ ನುಗ್ಗಿ ಎಂಜಿನ್ ಗಡಗಡ ನಡುಗಿತು, ಕಿತ್ತುಹೋಗುತ್ತದೇನೋ ಎನ್ನುವ ಹಾಗೆ. ನಡುಗಿದರೂ ಹಿಡಿದುಕೊಂಡಿರಬೇಕು ಎಂದು ಮೊದಲ ಪಾಠದಲ್ಲೇ ಕಲಿಸುತ್ತಾರೆ. ಹೆದರಿ ತಳ್ಳಿಬಿಟ್ಟೆ. ಎಂಜಿನ್ ಸುಮ್ಮನಾಯಿತು. ಎದುರಿಗೆ ಸಾಲುಮನೆಗಳ ಮಾಳಿಗೆ. ಮತ್ತೆ ಎಳೆದೆ, ಈ ಸಲ ಬಿಡಲಿಲ್ಲ. ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ಒಂದೇ ಒಂದು ಸಲ ಪೂರ್ತಿ ಬಲದಿಂದ ಎಳೆಯಿತು. ಮೂಗು ಎದ್ದಿತು, ಮನೆಗಳು ಕೆಳಗೆ ಸರಿದವು, ಮತ್ತೆ ಏರಲು ವೇಗ ಉಳಿದಿರಲಿಲ್ಲ, ಆಮೇಲೆ ಎಲೆಕೋಸು.

ಅಷ್ಟು ಹಿಂಸೆ ಕೊಟ್ಟರೂ ನಿನ್ನ ಎಂಜಿನ್ ಸಾಯಲಿಲ್ಲ. ಬಾಯಿ ಮುಚ್ಚಿದ ಕೈ ತೆಗೆದ ಕೂಡಲೇ ಉಸಿರಾಡಿತು. ಆ ಮನೆಗಳಲ್ಲಿದ್ದವರೂ ನಾನೂ ಇವತ್ತು ಇರುವುದು ಆ ಉಸಿರಿನಿಂದ. ನೀನು ತಲೆಯೊಳಗೆ ಬಿಚ್ಚುವುದು ಸಾಕು. ಅದು ಸರಿಯಾಗಿತ್ತು.

ತನಿಖೆಯವರಿಗೆ ಮೊನ್ನೆ ಎಲ್ಲ ಹೇಳಿದೆ. ಗಡಿಯಾರದ ಮಾವ ಪಕ್ಕದಿಂದಲೇ ಸಾಕ್ಷಿ ಹೇಳಿದರು. ನನ್ನ ಲೈಸೆನ್ಸಿನ ಗತಿ ಏನೋ. ಇದು ಬುರುಡೆ ಅಲ್ಲ ಎಂದು ನೀನು ನಂಬಿದರೆ ಸಾಕು.

ಪುಟ್ಟು

ಮೇ ೮

ನನ್ನ ಪುಟ್ಟು,

ನಂಬಿದೆ. ಕಾಗದ ಓದಿ ಉಗ್ರಾಣದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಣ್ಣದವಳು ಓಡಿ ಬಂದು ಏನಾಯಿತೆಂದು ಕೇಳಿದಳು, ಕಾಗದವನ್ನೇ ಅವಳ ಕೈಗೆ ಕೊಟ್ಟೆ.

ನಿನಗೆ ಹೇಳದೆ ಇದ್ದದ್ದು ಇನ್ನೊಂದಿದೆ, ಈಗ ಹೇಳಬಹುದು. ಅಂದು ತೋಟದವನ ಮನೆಯಲ್ಲಿ ಚಹಾ ಕುಡಿಯುವಾಗ ಅವನು ಹೇಳಿದ್ದ: "ಸದ್ದು ನಿಂತೇಹೋಗಿತ್ತಮ್ಮ. ಆಮೇಲೆ ಮತ್ತೆ ಕೆಮ್ಮಿ, ಗುಟುರು ಹಾಕಿ ಮನೆ ದಾಟಿತು." ಮುರಿದ ಎಂಜಿನ್ ಹಾಗೆ ಗುಟುರು ಹಾಕುವುದಿಲ್ಲ. ಮಂಜು ಕಟ್ಟಿ ಕರಗಿದ ಎಂಜಿನ್ ಹಾಕುತ್ತದೆ. ಮರುದಿನವೇ ತನಿಖೆಯವರಿಗೆ ತಿಳಿಸಿದೆ. ಕೇಳಿದ್ದು ಒಬ್ಬನೇ, ಮಂಜಂತೂ ಗುರುತು ಉಳಿಸದೆ ಹೋಗುತ್ತದೆ, ಪೈಲಟ್ಟಿಗೆ ನೆನಪಾಗಲಿ ನೋಡೋಣ ಎಂದರು.

ನಿನ್ನನ್ನು ಒಂದು ಮಾತು ಕೇಳಬಹುದಿತ್ತು: ಹಿಡಿ ಎಳೆದಿದ್ದೆಯಾ? ಕಾಗದ ಬರೆಯುವಾಗಲೆಲ್ಲ ಆ ಪ್ರಶ್ನೆ ಪೆನ್ನಿನ ತುದಿಗೆ ಬಂದು ನಿಲ್ಲುತ್ತಿತ್ತು. ಕೇಳಲಿಲ್ಲ. ಕೇಳಿದ್ದರೆ ನೀನು ನನಗೋಸ್ಕರ ಎಳೆಯಲಿಲ್ಲ ಎನ್ನುತ್ತಿದ್ದೆ, ಆಮೇಲೆ ಅದು ನಿಜವೋ ಪ್ರೀತಿಯೋ ಎಂದು ನಿನಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ. ಬ್ಲೇರಿಯೋ ಪ್ರಶ್ನೆ ಬರೆಯುವಾಗ ಕೂಡ ಕೈ ತಡೆಯಿತು. ಇದು ಬಿಸಿಯ ಪ್ರಶ್ನೆ, ತಣ್ಣನೆಯದ್ದಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಅಂಚೆಗೆ ಹಾಕಿದೆ. ಮುಂದಿನ ಪ್ರಶ್ನೆಯನ್ನು ಗಡಿಯಾರದ ಮಾವ ಕೇಳಿದರು. ಅವರ ಸೊಂಟ ಬೇಗ ಕೂಡಲಿ. ಅವರಿಗೆ ಒಂದು ಸ್ವೆಟರ್ ಹೆಣೆಯಲು ಅಮ್ಮ ಉಲ್ಲನ್ ತರಿಸಿದ್ದಾಳೆ, ಎದೆಯ ಅಳತೆ ಕಳಿಸಬೇಕಂತೆ.

ನಿನ್ನೆ ನನ್ನ ಎಂಜಿನ್ನನ್ನು ಪರೀಕ್ಷೆಯ ಕಟ್ಟೆಗೆ ಏರಿಸಿ, ಬೇರೆ ಪ್ರೊಪೆಲ್ಲರ್ ಹಾಕಿ ಓಡಿಸಿದರು. ನನ್ನನ್ನು ಹತ್ತಿರ ಬಿಡಲಿಲ್ಲ, ಬೇಲಿಯ ಹೊರಗೆ ನಿಂತು ಕೇಳಿಸಿಕೊಂಡೆ. ಫೋರ್‌ಮನ್ ನನ್ನ ಪಕ್ಕದಲ್ಲಿ ಬಂದು ನಿಂತರು. ಎಂಜಿನ್ ಒಂದು ಸಲವೂ ತಡವರಿಸದೆ ಓಡಿತು. ಸ್ವಲ್ಪ ಹೊತ್ತಿನ ಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ನನ್ನ ಕೆಲಸ ಉಳಿಸಲು ನೀನು ನಿನ್ನ ಕೆಲಸ ಪಣಕ್ಕಿಟ್ಟೆ ಎಂದು ಅಮ್ಮ ಅಳುತ್ತಾಳೆ, ಮರುಗಳಿಗೆಗೇ ನಗುತ್ತಾಳೆ. ನನಗೂ ಹಾಗೇ ಆಗುತ್ತಿದೆ.

ಅಕ್ಕ

ಜುಲೈ ೧೭

ಅಕ್ಕಾ,

ತೀರ್ಮಾನ ನಿನಗೂ ಬಂದಿರಬೇಕು. "ಬಹುಮಟ್ಟಿಗೆ ಮಂಜುಗಡ್ಡೆಯೇ ಕಾರಣ." ನಿನ್ನ ಮುದ್ರೆ ವಾಪಸ್ಸು ಬಂತೆಂದು ಫೋರ್‌ಮನ್ ಆಸ್ಪತ್ರೆಗೆ ಫೋನು ಮಾಡಿ ತಿಳಿಸಿದರು. ನರ್ಸಮ್ಮ ತಾವೇ ಬಂದು ಹೇಳಿದರು, ವಾರ್ಡೆಲ್ಲ ಚಪ್ಪಾಳೆ ತಟ್ಟಿತು, ಮುದ್ರೆ ಎಂದರೆ ಏನೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ನನಗೆ ಮತ್ತೆ ಮೊದಲಿನಿಂದ ತರಬೇತಿ, ಕಾಲು ಒಪ್ಪಿದರೆ. ನಿಜ ಹೇಳಿದ್ದಕ್ಕೆ ಶಿಕ್ಷೆ ಇಷ್ಟರಲ್ಲೇ ನಿಂತಿತು ಎಂದು ತನಿಖೆಯವರೇ ಅಂದರು. ಹೋಗುವಾಗ ಕೈ ಕುಲುಕಿ, "ನಿಮ್ಮ ಹೇಳಿಕೆಯನ್ನ ಪೈಲಟ್ ಶಾಲೆಗಳಿಗೆ ಕಳಿಸ್ತೀವಿ. ಹಿಡಿ ತಳ್ಳಬಾರದು ಅಂತ ಪುಸ್ತಕ ಹೇಳುತ್ತೆ, ಯಾಕೆ ತಳ್ತೀವಿ ಅಂತ ನೀವು ಹೇಳಿದ್ದೀರಿ" ಎಂದರು.

ಕಾಲು ಒಪ್ಪುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಒಪ್ಪದಿರುವುದು ಬೇರೆ ಏನೋ. ನಿನ್ನೆ ಅಂಗಳದಲ್ಲಿ ನಡೆಯುವಾಗ ಮೇಲೆ ಸಣ್ಣ ವಿಮಾನವೊಂದು ಹೋಯಿತು. ಸದ್ದು ಕೇಳಿ ಕಂಬ ಹಿಡಿದುಕೊಂಡೆ. ಮಾವನ ಹತ್ತಿರ ಮಾತ್ರ ಹೇಳಿದ್ದೇನೆ. ಅವರು ಇವತ್ತು ಸ್ವೆಟರ್ ಹಾಕಿಕೊಂಡು ಮನೆಗೆ ಹೋದರು, ಈ ಸೆಕೆಯಲ್ಲಿ. ಹೋಗುವಾಗ, "ಗಡಿಯಾರ ನಿಂತ್ರೆ ಅದಕ್ಕೆ ಹೆದರಿಕೆ ಆಗಲ್ಲ, ಕೀಲಿ ಕೊಟ್ರೆ ಓಡುತ್ತೆ. ಮನುಷ್ಯನಿಗೆ ಪಕ್ಕದಲ್ಲಿ ಯಾರಾದ್ರೂ ಕೂರಬೇಕು" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಇಷ್ಟು ವರ್ಷ ಎಂಜಿನ್ ಜೋಡಿಸಿದ್ದೀಯ, ಒಂದು ದಿನವೂ ವಿಮಾನ ಹತ್ತಿಲ್ಲ. ನಾನು ಕರೆದಾಗಲೆಲ್ಲ ಕೆಲಸ ಇದೆ ಎಂದೆ. ಮರುಪರೀಕ್ಷೆಯ ದಿನ ಹಿಂದಿನ ಸೀಟಿನಲ್ಲಿ ಕೂರುತ್ತೀಯಾ? ತರಬೇತಿಯ ಮೇಡಂ ಒಪ್ಪಿದ್ದಾರೆ.

ಪುಟ್ಟು

ಜುಲೈ ೨೩

ಪುಟ್ಟು,

ಬರುತ್ತೇನೆ. ಕೆಲಸ ಇದ್ದದ್ದು ನಿಜ. ಭಯ ಇದ್ದದ್ದೂ ನಿಜ.

ಅಕ್ಕ

ಅವಳ ಸಹಿಯ ಕೆಳಗೆ ನಾನೇ ಎರಡು ಸಾಲು ಬರೆಯುತ್ತಿದ್ದೇನೆ. ಇಬ್ಬರೂ ಮೇಲೆ ಹೋದರೆ ನನ್ನ ಗತಿ ಏನೆಂದು ಯಾರೂ ಕೇಳಲಿಲ್ಲ. ಹೋಗಿ ಬನ್ನಿ. ಕಾಲುಚೀಲ ಹಾಕಿಕೊಳ್ಳಿ.

ಅಮ್ಮ

ಅಕ್ಟೋಬರ್ ೫

ಪುಟ್ಟು,

ಬಸ್ಸಿಳಿದು ಮನೆಗೆ ಬಂದು ಅಮ್ಮನಿಗೆ ಎಲ್ಲ ವರದಿ ಒಪ್ಪಿಸಿಯಾಯಿತು. ನೀನು ಪಾಸಾದೆ ಎಂದದ್ದಕ್ಕಿಂತ ತರಬೇತಿಯ ಮೇಡಂ ನಗುವುದೇ ಇಲ್ಲ ಎಂದದ್ದನ್ನು ಅವಳು ಹೆಚ್ಚು ಹೊತ್ತು ವಿಚಾರಿಸಿದಳು. ಮೇಲೆ ಇದ್ದಾಗ ಆ ಸದ್ದಿನಲ್ಲಿ ನಿನಗೆ ಏನೂ ಹೇಳಲಾಗಲಿಲ್ಲ, ಕೆಳಗಿಳಿದ ಮೇಲೆ ಬಸ್ಸಿಗೆ ಓಡಬೇಕಾಯಿತು. ಅದಕ್ಕೆ ಇದು.

ಹಿಂದಿನ ಸೀಟಿನಿಂದ ನನಗೆ ಕಂಡದ್ದು ನಿನ್ನ ಕುತ್ತಿಗೆ ಮತ್ತು ಬಲಗೈ ಅಷ್ಟೇ. ನೆಲ ಬಿಟ್ಟಾಗ ಕುತ್ತಿಗೆ ಬೆವರಿತ್ತು. ನಾನು ಸೀಟಿನ ಅಂಚನ್ನು ಹಿಡಿದಿದ್ದೆ. ಆಮೇಲೆ ಎಂಜಿನ್ ಕೇಳತೊಡಗಿದೆ, ಅದು ನನಗೆ ಗೊತ್ತಿರುವ ಒಂದೇ ಕೆಲಸ. ಪರೀಕ್ಷೆಯ ಕಟ್ಟೆಯ ಮೇಲೆ ಓಡುವಾಗ ಎಂಜಿನ್ ತನ್ನಷ್ಟಕ್ಕೆ ಕೂಗಾಡುತ್ತದೆ, ಪುಟ್ಟು. ಮೇಲೆ ಹಾಗಲ್ಲ. ಅಲ್ಲಿ ಅದು ಯಾರನ್ನೋ ಹೊತ್ತಿರುವ ಸದ್ದು. ಇಷ್ಟು ವರ್ಷ ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಇಳಿಯುವ ಮೊದಲು ನೀನು ಹಿಡಿ ಎಳೆದೆ. ಎಂಜಿನ್ ನಡುಗಿತು. ನಿನ್ನ ಬೆರಳ ಗೆಣ್ಣು ಬೆಳ್ಳಗಾದದ್ದು ಕಂಡಿತು. ಮೇಡಂ ತಿರುಗಿಯೂ ನೋಡಲಿಲ್ಲ, ನಿನಗೇ ಬಿಟ್ಟರು. ಕೈ ಕದಲಲಿಲ್ಲ. ನಡುಕ ನಿಂತು ಸದ್ದು ನಯವಾದಾಗ ನೀನು ಒಂದು ಸಲ ಉಸಿರು ಬಿಟ್ಟೆ, ನಿನ್ನ ಭುಜ ಕೆಳಗಿಳಿಯಿತು. ಆ ಭುಜ ನೋಡಿಕೊಂಡು ನಾನು ಅತ್ತೆ. ಒಳ್ಳೆಯ ಅಳು ಅದು, ಅಮ್ಮನಿಗೆ ಹೇಳಿಲ್ಲ.

ಆಮೇಲೆ ನೀನು ಬೆರಳು ತೋರಿಸಿದೆ. ಕೆಳಗೆ ಸಾಲುಮನೆಗಳು, ಅವುಗಳಾಚೆ ತೋಟ. ನಡುವೆ ಎಷ್ಟು ಕಡಿಮೆ ಜಾಗ ಎಂದು ಅಲ್ಲಿಂದ ನೋಡಿದಾಗಲೇ ನನಗೆ ಅರ್ಥವಾದದ್ದು. ಕೊನೆಯ ಮನೆಯ ಮಾಳಿಗೆಯ ಮೇಲೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಚಾದರವೊಂದನ್ನು ಕೊಡವಿ ತಂತಿಗೆ ಹಾಕಿ, ಸದ್ದು ಕೇಳಿ ತಲೆಯೆತ್ತಿದಳು. ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ಆಮೇಲೆ ಅದೇ ಕೈಯನ್ನು ಮೇಲೆತ್ತಿ ಬೀಸಿದಳು.

ನಾನೂ ಬೀಸಿದೆ. ಅವಳಿಗೆ ಕಂಡಿರಲಿಕ್ಕಿಲ್ಲ. ಮನೆಗಳೆಲ್ಲ ಹಿಂದೆ ಸರಿಯುವ ತನಕ ಬೀಸುತ್ತಲೇ ಇದ್ದೆ.

ಋಣಿ,
ನಿನ್ನ ಅಕ್ಕ